ಬಲಗೈ ಬ್ರೇಕು

ನಮ್ಮ ಗ್ಯಾರೇಜಿನೊಳಗೆ ಕಾರು ಹೋಗಿ ಎಂಟು ವರ್ಷವಾಯಿತು. ಅಮೆರಿಕದ ಈ ಡಬ್ಲಿನ್ನಿನ ನಮ್ಮ ಬೀದಿಯಲ್ಲಿ ಯಾರ ಕಾರೂ ಒಳಗೆ ಹೋಗುವುದಿಲ್ಲ ಅನ್ನಿ. ಎಲ್ಲರ ಗ್ಯಾರೇಜಿನಲ್ಲೂ ಅಕ್ಕಿಮೂಟೆ, ಹಳೇ ಸೂಟ್‌ಕೇಸು, ಯಾರೂ ಹತ್ತದ ಟ್ರೆಡ್‌ಮಿಲ್ಲು. ನಮ್ಮದರಲ್ಲಿ ಸೈಕಲ್ಲುಗಳು. ಮೂರು ಪೂರ್ತಿ, ಎರಡು ಅರ್ಧಂಬರ್ಧ, ಗೋಡೆಗೆ ನೇತುಹಾಕಿದ ಏಳೋ ಎಂಟೋ ಚಕ್ರ. “ಒಡವೆ ಹುಚ್ಚಿರೋ ಹೆಂಡ್ತೀರನ್ನ ನೋಡಿದೀನಿ, ಸೀರೆ ಹುಚ್ಚಿರೋರನ್ನ ನೋಡಿದೀನಿ. ನನ್ನ ಹಣೇಲಿ ಗ್ರೀಸು ಬರೆದಿತ್ತು ನೋಡಿ,” ಎಂದು ನನ್ನ ಗಂಡ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಪಂಕ್ಚರಾದಾಗ ಓಡಿ ಬರುವುದು ನನ್ನ ಹತ್ತಿರವೇ.

ನನ್ನ ಅಪ್ಪನಿಗೆ ಮಂಡ್ಯದಲ್ಲಿ ಸೈಕಲ್ ಶಾಪಿತ್ತು. ಸ್ಕೂಲು ಬಿಟ್ಟ ಮೇಲೆ ನಾನು ಅಲ್ಲೇ ಇರುತ್ತಿದ್ದೆ. “ಹೆಣ್ಣುಮಗೀಗೆ ಪಾನಾ ಕೊಟ್ಟು ಕೂರ್ಸಿದೀಯಲ್ಲ, ನಾಳೆ ಯಾವನು ಕಟ್ಕೊತಾನೆ ಇವ್ಳನ್ನ?” ಎಂದು ಅಜ್ಜಿ ಬೈದರೆ, “ಕಟ್ಕೊಂಡೋನು ಪುಣ್ಯವಂತ ಕಣವ್ವ, ನಡೂದಾರೀಲಿ ನಿಲ್ಲಲ್ಲ,” ಎನ್ನುತ್ತಿದ್ದ ಅಪ್ಪ. ಹತ್ತು ವರ್ಷ ತುಂಬುವ ಹೊತ್ತಿಗೆ ನನಗೆ ಚಕ್ರದ ಬೆಂಡ್ ತೆಗೆಯಲು ಬರುತ್ತಿತ್ತು. ಇವತ್ತಿಗೂ ನನಗೆ ಅದಕ್ಕಿಂತ ದೊಡ್ಡ ಸುಖ ಗೊತ್ತಿಲ್ಲ. ಓಲಾಡುವ ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ ತಿರುಗಿಸಬೇಕು, ಎಲ್ಲಿ ಸವರುತ್ತದೋ ಅಲ್ಲಿ ಒಂದು ಕಡ್ಡಿ ಬಿಗಿ, ಎದುರಿನದು ಸಡಿಲ, ಮತ್ತೆ ತಿರುಗಿಸಬೇಕು. ಒಂದು ಗಂಟೆ ಹೋಗಿದ್ದೇ ತಿಳಿಯುವುದಿಲ್ಲ. ಕೊನೆಗೆ ಚಕ್ರ ನೀಟಾಗಿ, ಸದ್ದಿಲ್ಲದೆ ಸುತ್ತುವಾಗ ನನಗೆ ಹೊಟ್ಟೆ ತುಂಬಿದ ಹಾಗಾಗುತ್ತದೆ. ಆಫೀಸಿನಲ್ಲಿ ನನ್ನ ಕೆಲಸ ಟೆಸ್ಟಿಂಗು, ಅಂದರೆ ದಿನವೆಲ್ಲ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಸಂಜೆ ಗ್ಯಾರೇಜಿಗೆ ಬಂದರೆ ಹುಡುಕಿದ ತಪ್ಪನ್ನು ನಾನೇ ಸರಿಮಾಡಬಹುದು.

ನಮಗೆ ಒಬ್ಬಳೇ ಮಗಳು. ಇಲ್ಲೇ ಹುಟ್ಟಿದವಳು, ಇಪ್ಪತ್ಮೂರು ವರ್ಷ. ಚಿತ್ರ ಬರೆಯುವುದೊಂದು ಬಿಟ್ಟರೆ ಅವಳಿಗೆ ಬೇರೆ ಲೋಕವಿಲ್ಲ. ಕಳೆದ ವರ್ಷ ಎಮರಿವಿಲ್ಲಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಅವಳಿಗೆ ಆರು ತಿಂಗಳ ಕೆಲಸ ಸಿಕ್ಕಿತು. ಅಷ್ಟರಲ್ಲಿ ಕೈಚಳಕ ತೋರಿಸಿದರೆ ಕಾಯಂ, ಇಲ್ಲವಾದರೆ ಇಲ್ಲ. ರೈಲಿನಲ್ಲಿ ಸೈಕಲ್ ಇಟ್ಟುಕೊಂಡು ಹೋಗಿ, ಇಳಿದ ಮೇಲೆ ಸ್ಟುಡಿಯೋವರೆಗೆ ತುಳಿದುಕೊಂಡು ಹೋಗುತ್ತೇನೆ ಎಂದಳು. ಆಮೇಲೆ, ಫೋನು ನೋಡುತ್ತಲೇ ಕೇಳಿದಳು, “ಅಮ್ಮ, ವಿಲ್ ಯು ಬಿಲ್ಡ್ ಮಿ ಒನ್?”

ಅಯ್ಯೋ, ನನ್ನ ಸಂಭ್ರಮ ಕೇಳಬೇಕೆ! ಚಿಕ್ಕಂದಿನಿಂದ ಅವಳಿಗೆ ಅಂಗಡಿಯ ಹೊಸ ಸೈಕಲ್ಲೇ ಆಗಬೇಕಿತ್ತು, ಅಮ್ಮ ಕಟ್ಟಿದ ಸೈಕಲ್ಲೆಂದರೆ ನಾಚಿಕೆ. ಈಗ ತಾನಾಗಿ ಕೇಳಿದ್ದಾಳೆ. ಮರು ಶನಿವಾರವೇ ಗಿಲ್‌ರಾಯ್‌ವರೆಗೆ ಹೋಗಿ, ಬೆಳ್ಳುಳ್ಳಿ ಬೆಳೆಯುವ ಒಬ್ಬ ಮುದುಕನ ಕೊಟ್ಟಿಗೆಯಿಂದ ಹಳೇ ಸ್ಟೀಲಿನ ಫ್ರೇಮು ತಂದೆ. ಬಣ್ಣ ಕೆರೆದು ಅವಳಿಗೆ ಬೇಕಾದ ನವಿಲುಬಣ್ಣ ಹೊಡೆದೆ. ಎರಡೂ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಹೆಣೆದೆ. ಬ್ರೇಕು ಹೊಸದೇ ಹಾಕಿದೆ, ಅದರಲ್ಲಿ ಜಿಪುಣತನ ಬೇಡವೆಂದು. ಐದು ವಾರ ಶನಿವಾರ ಭಾನುವಾರ ಒಲೆ ಹತ್ತಿರ ಹೋಗಲಿಲ್ಲ, ಗಂಡ ಮಾಡಿದ ಉಪ್ಪಿಟ್ಟು ತಿಂದುಕೊಂಡು ಕೆಲಸ ಮಾಡಿದೆ. ಮುಗಿದ ಮೇಲೆ ನಾನೇ ಬೀದಿಯಲ್ಲಿ ಎರಡು ಸುತ್ತು ಹೊಡೆದು, ಇಳಿಜಾರಿನಲ್ಲಿ ಬ್ರೇಕು ಒತ್ತಿ ನೋಡಿದೆ. ಬೆಣ್ಣೆ! ಅರಿಶಿನ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, “ಬಲಗಾಲು ಮೊದಲು,” ಎಂದು ಮಗಳನ್ನು ಹತ್ತಿಸಿದೆ. ಅವಳು ನಿಂಬೆಹಣ್ಣು ಅಪ್ಪಚ್ಚಿಯಾಗುವುದನ್ನು ವಿಡಿಯೋ ಮಾಡಲು ಅಪ್ಪನಿಗೆ ಹೇಳಿ ನಗುನಗುತ್ತಾ ಹೋದಳು.

ಒಂಬತ್ತನೇ ದಿನ ಅವಳು ಬಿದ್ದಳು. ಬೆಳಿಗ್ಗೆ ಸ್ಟುಡಿಯೋಗೆ ಹೋಗುವಾಗ, ಇಳಿಜಾರಿನಲ್ಲಿ, ನಿಂತಿದ್ದ ಕಾರಿನ ಬಾಗಿಲು ಯಾರೋ ತಟ್ಟನೆ ತೆರೆದರು. ಬ್ರೇಕು ಹಿಡಿದಳು, ಸೈಕಲ್ಲಿನ ಹಿಂಭಾಗ ಎದ್ದಿತು, ಹ್ಯಾಂಡಲ್ ಮೇಲಿನಿಂದ ಹಾರಿ ರಸ್ತೆಗೆ ಬಿದ್ದಳು. ಹೆಲ್ಮೆಟ್ಟಿತ್ತು, ತಲೆ ಉಳಿಯಿತು. ಬಲಗೈ ಮಣಿಕಟ್ಟಿನಲ್ಲಿ ಎರಡು ಕಡೆ ಮುರಿದಿತ್ತು. ಅವಳು ಬರೆಯುವ ಕೈ. ಪ್ಲೇಟು ಹಾಕಿ ಸ್ಕ್ರೂ ಬಿಗಿಯುತ್ತೇವೆ, ಮೊದಲಿನ ಹಾಗೆ ಆಡುತ್ತದೋ ಇಲ್ಲವೋ ಕೆಲವು ತಿಂಗಳು ಹೋದ ಮೇಲೆ ಗೊತ್ತಾಗುತ್ತದೆ ಎಂದರು ಡಾಕ್ಟರು.

ನಾವು ಆಸ್ಪತ್ರೆ ಮುಟ್ಟಿದಾಗ ಅವಳು ಅಳುತ್ತಿರಲಿಲ್ಲ, ಬೆಪ್ಪಾಗಿ ಕೂತಿದ್ದಳು. ನನ್ನ ಗಂಡನಿಗೆ ಹೆದರಿಕೆಯಾದರೆ ಅದು ಬೈಗುಳವಾಗಿಯೇ ಹೊರಗೆ ಬರುವುದು. “ಮುಂದಿನ ಬ್ರೇಕು ಗಟ್ಟಿಯಾಗಿ ಹಿಡಿದಿರ್ತೀಯ, ಇನ್ನೇನು! ಎಂಟು ವರ್ಷದವಳಿದ್ದಾಗಿಂದ ಬಡ್ಕೊಂಡಿದೀನಿ, ಎಡಗೈ ಬ್ರೇಕು ಜೋರಾಗಿ ಹಿಡೀಬೇಡ, ಮುಗ್ಗರಿಸ್ತೀಯ ಅಂತ.”

“ಐ ಡಿಡಂಟ್, ಅಪ್ಪ. ಬಲಗೈನೇ ಹಿಡಿದೆ ಅನ್ಕೊಂಡಿದ್ದೆ,” ಎಂದಳು. ಆಮೇಲೆ, “ಐ ಡೋಂಟ್ ನೋ. ಪ್ಯಾನಿಕ್ ಆಗಿ ಎಡಗೈ ಹಿಡಿದೆ ಅನ್ಸತ್ತೆ. ಐ ಆಮ್ ಸೋ ಸ್ಟುಪಿಡ್.”

ಅವರಿಬ್ಬರೂ ಮಾತಾಡುತ್ತಲೇ ಇದ್ದರು. ನಾನು ಗಂಡನ ಮಾತಿನಲ್ಲೇ ಸಿಕ್ಕಿಕೊಂಡಿದ್ದೆ. ಮುಂದಿನ ಬ್ರೇಕು ಎಡಗೈಗಾ?

ಮಂಡ್ಯದ ನನ್ನ ಅಪ್ಪನ ಶಾಪಿನಲ್ಲಿ ಬಲಗೈ ಅಂದರೆ ಮುಂದಿನ ಚಕ್ರ, ಎಡಗೈ ಅಂದರೆ ಹಿಂದಿನದು. ಊರಿನ ಸೈಕಲ್ಲುಗಳೆಲ್ಲ ಹಾಗೇ. ಈ ದೇಶದಲ್ಲಿ ಅದು ತಿರುಗಾಮುರುಗಾ. ನನಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ಗೊತ್ತಿದ್ದೂ, ನನಗಾಗಿ ಕಟ್ಟಿಕೊಂಡ ಸೈಕಲ್ಲುಗಳಿಗೆಲ್ಲ ನಮ್ಮೂರಿನ ಹಾಗೇ ಕೇಬಲ್ ಎಳೆದಿದ್ದೆ, ತುಳಿಯುವವಳು ನಾನೊಬ್ಬಳೇ ಅಲ್ಲವೇ ಎಂದು. ಮಗಳದಕ್ಕೂ ಕೈ ತನ್ನ ಪಾಡಿಗೆ ತಾನು ಹಾಗೇ ಎಳೆದುಬಿಟ್ಟಿತ್ತು. ಬೀದಿಯಲ್ಲಿ ಪರೀಕ್ಷೆ ಮಾಡಿದವಳೂ ನಾನೇ, ನನ್ನ ಕೈಗೆ ಎಲ್ಲ ಸರಿಯಾಗಿಯೇ ಇತ್ತು. ಒಂಬತ್ತು ದಿನ ಅವಳು ಮೆಲ್ಲಗೆ ಹೋಗಿದ್ದಳು, ಎರಡೂ ಕೈ ಹಗುರವಾಗಿ ಒತ್ತಿದ್ದಳು, ತಿಳಿಯಲಿಲ್ಲ. ಅವತ್ತು ಅವಳಪ್ಪ ಹೇಳಿಕೊಟ್ಟಂತೆ ಬಲಗೈಯನ್ನು ಮಾತ್ರ ಬಲವಾಗಿ ಹಿಡಿದಿದ್ದಳು. ಅವಳು ಮಾಡಿದ್ದು ನೂರಕ್ಕೆ ನೂರು ಸರಿ.

ಆಗಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಆಪರೇಷನ್ನಿಗೆ ಬೇಕಾದ ಬಟ್ಟೆ ತರುತ್ತೇನೆಂದು ಮನೆಗೆ ಬಂದೆ, ಪೊಲೀಸರು ಆಸ್ಪತ್ರೆಗೇ ತಂದು ನಮ್ಮ ಕಾರಿಗೆ ಹಾಕಿಸಿಕೊಟ್ಟಿದ್ದ ಸೈಕಲ್ಲನ್ನು ಗ್ಯಾರೇಜಿನಲ್ಲಿ ಇಳಿಸಿದೆ, ಸ್ಟ್ಯಾಂಡಿಗೆ ಏರಿಸಿ ಎರಡೂ ಕೇಬಲ್ ಬಿಚ್ಚಿ ಅದಲುಬದಲು ಮಾಡಿ ಬಿಗಿದೆ. ಅರ್ಧ ಗಂಟೆಯ ಕೆಲಸ. ಸರಿಪಡಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಥೂ, ಎಂಥ ಸರಿಪಡಿಸುವುದು! ಕಳ್ಳಿಯ ಹಾಗೆ ಗುರುತು ಅಳಿಸುತ್ತಿದ್ದೆ.

ಮೂರು ವಾರ ಹಾಗೇ ಇದ್ದೆ. ಸ್ಟುಡಿಯೋದವರು ಕಾಯುತ್ತೇವೆ ಅಂದಿದ್ದರು, ಒಳ್ಳೆಯ ಜನ. ಆದರೆ ಮಗಳು ಕುಗ್ಗುತ್ತಾ ಹೋದಳು. ಮೊದಲೆಲ್ಲ ಬಿಸಿ ಕಾವಲಿಯಿಂದ ದೋಸೆ ಬರಿಗೈಯಲ್ಲಿ ಎತ್ತುತ್ತಿದ್ದವಳು ಈಗ ಒಳ್ಳೆಯ ಕೈಯಲ್ಲೂ ನೀರಿನ ಲೋಟ ಹಿಡಿದರೆ ನೋಡಿ ನೋಡಿ ಹಿಡಿಯುತ್ತಿದ್ದಳು. “ಯಾವ ಕೈ ಹಿಡಿದೆ ಅಂತಾನೇ ನಂಗೊತ್ತಿಲ್ಲ ಅಂದ್ರೆ, ವಾಟ್ ಎಲ್ಸ್ ಆಮ್ ಐ ಗೆಟಿಂಗ್ ರಾಂಗ್?” ಎಂದು ಒಂದು ದಿನ ಕೇಳಿದಳು. ನಾನು ಪಾತ್ರೆ ತೊಳೆಯಲು ಎದ್ದು ಹೋದೆ. ಇನ್ನೊಂದು ದಿನ ನನ್ನ ಪಕ್ಕ ಬಂದು ಕೂತು, “ಸಾರಿ ಅಮ್ಮ. ಐದು ವಾರ ನೀನು ಕಷ್ಟಪಟ್ಟು ಮಾಡಿದ್ದೆ, ನಾನು ಹಾಳು ಮಾಡ್ಬಿಟ್ಟೆ,” ಎಂದಳು. “ಹೋಗ್ಲಿ ಬಿಡು ಮಗಳೇ,” ಎಂದೆ ನಾನು. ನಿಜವಾಗಿ ಅಂದೆ. ಅವಳ ತಲೆ ಕೂಡ ಸವರಿದೆ.

ನಾಲ್ಕನೇ ವಾರದ ಸೋಮವಾರ ಬೆಳಿಗ್ಗೆ ಕಾಫಿ ಕೊಡಲು ಹೋದರೆ, ಅವಳು ಲ್ಯಾಪ್‌ಟಾಪಿನ ಮುಂದೆ ಕೂತು ಎಡಗೈಯ ಒಂದೇ ಬೆರಳಲ್ಲಿ ಸ್ಟುಡಿಯೋಗೆ ಪತ್ರ ಬರೆಯುತ್ತಿದ್ದಳು. ನನಗಾಗಿ ಕಾಯಬೇಡಿ, ಈ ಜಾಗ ಬೇರೆಯವರಿಗೆ ಕೊಡಿ ಎಂದು. ಕೈ ವಾಸಿಯಾದರೂ ಅದರ ಮೇಲೆ ತನಗೆ ನಂಬಿಕೆ ಬರುವುದಿಲ್ಲವಂತೆ.

“ಕಳಿಸ್ಬೇಡ,” ಎಂದೆ. “ನೀನು ಬಲಗೈನೇ ಹಿಡಿದಿದ್ದು. ಬ್ರೇಕು ಉಲ್ಟಾ ಹಾಕಿದ್ದು ನಾನು, ಊರಿನ ಥರ. ತಪ್ಪು ನಂದು, ನಿಂದಲ್ಲ.”

ಅವಳು ನನ್ನನ್ನೇ ನೋಡಿದಳು. ಎದ್ದು ಗ್ಯಾರೇಜಿಗೆ ಹೋದಳು, ನಾನು ಹಿಂದೆಯೇ ಹೋದೆ. ಎಡಗೈ ಚಾಚಿ ಬಲಗಡೆಯ ಬ್ರೇಕು ಒತ್ತಿದಳು. ಹಿಂದಿನ ಚಕ್ರ ಹಿಡಿಯಿತು. ಮತ್ತೊಮ್ಮೆ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿ, ತುಂಬಾ ಪ್ರೀತಿಯಿಂದ, “ಅಮ್ಮ, ಸರಿಯಾಗೇ ಇದೆ. ನಂಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳ್ಬೇಡ,” ಎಂದಳು.

ಅಲ್ಲಿಗೇ ಬಿಟ್ಟಿದ್ದರೆ ನಾನು ಒಳ್ಳೆಯ ತಾಯಿಯಾಗಿಯೇ ಉಳಿಯುತ್ತಿದ್ದೆ. ಬಿಡಬಹುದಿತ್ತು, ಆಸೆಯೂ ಆಯಿತು. ಆದರೆ ಒಳಗೆ ಟೇಬಲ್ಲಿನ ಮೇಲೆ ಆ ಪತ್ರ ತೆರೆದೇ ಇತ್ತು.

“ಆಮೇಲೆ ಬದಲಾಯಿಸಿದೆ,” ಎಂದೆ.

“ಯಾವಾಗ?”

“ನಿನ್ನ ಆಪರೇಷನ್ ದಿನ. ಬಟ್ಟೆ ತರೋಕೆ ಬಂದಾಗ.”

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. “ಐ ಅಪಾಲಜೈಸ್ಡ್ ಟು ಯು,” ಎಂದಳು, ಮೆಲ್ಲಗೆ, ಅಷ್ಟೇ. ಒಳಗೆ ಹೋಗಿ ಪತ್ರ ಅಳಿಸಿದಳು. ಹದಿನೈದು ದಿನ ನನ್ನೊಂದಿಗೆ ಮಾತಾಡಲಿಲ್ಲ, ಗಂಡನೂ ಗ್ರೀಸಿನ ಜೋಕು ಮಾಡಲಿಲ್ಲ.

ಈಗ ಅವಳು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಕೈ ಮುಕ್ಕಾಲುಪಾಲು ಆಡುತ್ತದೆ, ಸಂಜೆ ಹೊತ್ತಿಗೆ ನೋಯುತ್ತದೆ, ಆದರೂ ಬರೆಯುತ್ತಾಳೆ. ಅದೇ ಸೈಕಲ್ಲು. ಬೇರೆ ಕೊಡಿಸುತ್ತೇನೆಂದು ಅವಳ ಅಪ್ಪ ಹೇಳಿದರೂ ಬೇಡವೆಂದಳು. ನನ್ನೊಡನೆ ಮಾತೂ ಇದೆ, ನಗುವೂ ಇದೆ. ದಿನಾ ಬೆಳಿಗ್ಗೆ ಅವಳು ಏಳುವ ಮೊದಲೇ ನಾನು ಗ್ಯಾರೇಜಿಗೆ ಹೋಗಿ ಗಾಳಿ, ಚೈನು, ಎರಡೂ ಬ್ರೇಕು ನೋಡಿ ಇಟ್ಟಿರುತ್ತೇನೆ. ಅದು ಅವಳಿಗೂ ಗೊತ್ತು. ಹೊರಡುವಾಗ ಸೈಕಲ್ಲನ್ನು ಹೊರಗೆ ತಂದು ನಿಲ್ಲಿಸಿ, ನಾನು ಬಾಗಿಲಲ್ಲಿ ನಿಂತಿರುವಂತೆಯೇ ಬಲಗೈ ಬ್ರೇಕು ಒತ್ತಿ ಹಿಂದಿನ ಚಕ್ರ ನೋಡುತ್ತಾಳೆ, ಎಡಗೈಯದು ಒತ್ತಿ ಮುಂದಿನ ಚಕ್ರ ನೋಡುತ್ತಾಳೆ, ಆಮೇಲೆ ಹತ್ತುತ್ತಾಳೆ. ಒಂದು ದಿನವೂ ತಪ್ಪಿಸಿಲ್ಲ.