ಎಡೆದೊರೆಯ ರಾಕ್ ಹಾಡುಗಾರ ಸಂಜೀವ ದೇವದುರ್ಗ

ಕೃಷ್ಣಾ-ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನ ಸಂಗೀತದ ಮಾತು ಬಂದಾಗ ವಿದ್ವಾಂಸರು ದಾಸರ ಪದಗಳನ್ನು, ತತ್ವಪದಗಳನ್ನು, ಮೊಹರಮ್ಮಿನ ಹಾಡುಗಳನ್ನು ನೆನೆಯುತ್ತಾರೆ, ಅದು ನ್ಯಾಯವೇ. ಆದರೆ ಇದೇ ನೆಲದಲ್ಲಿ, ಇದೇ ಕನ್ನಡದಲ್ಲಿ, ಮೂವತ್ತೈದು ವರ್ಷಗಳಿಂದ ಎಲೆಕ್ಟ್ರಿಕ್ ಗಿಟಾರು ಹಿಡಿದು ರಾಕ್ ಸಂಗೀತವನ್ನು ಕಟ್ಟಿ ಬೆಳೆಸಿದವರೊಬ್ಬರ ಹೆಸರನ್ನು ಸೇರಿಸದೆ ಹೋದರೆ ಆ ಪಟ್ಟಿ ಪೂರ್ತಿಯಾಗದು. ಅವರು ಶ್ರೀ ಸಂಜೀವ ದೇವದುರ್ಗ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಮೂವತ್ತೇಳು ವರ್ಷ ತಂತ್ರಜ್ಞರಾಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಅವರ ಕಾರ್ಯದಕ್ಷತೆಯ ಬಗ್ಗೆ ಸಹೋದ್ಯೋಗಿಗಳು ಈ ಅಭಿನಂದನ ಗ್ರಂಥದಲ್ಲಿ ಬರೆದಿದ್ದಾರೆ. ನಾನು ಅವರ ಸಹೋದ್ಯೋಗಿಯಲ್ಲ, ಶಿಷ್ಯೆಯೂ ಅಲ್ಲ. ಮಾನ್ವಿಯ ಕಾಲೇಜಿನಲ್ಲಿ ಕನ್ನಡ ಕಲಿಸುವವಳು, ಹದಿನೆಂಟನೆಯ ವಯಸ್ಸಿನಿಂದ ಅವರ ಅಭಿಮಾನಿ. ಅಭಿಮಾನಿಗಿರುವ ಅರ್ಹತೆ ಒಂದೇ, ಬಿಡದೆ ಕೇಳಿದ್ದು.

ದೇವದುರ್ಗದ ಕೂಲಿಕಾರ ಕುಟುಂಬದಲ್ಲಿ ಸಂಜೀವ ಅವರು ಹುಟ್ಟಿದರು. ತಾಯಿ ವೆಂಕಮ್ಮ ಕಂಡವರ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದರು. ತಂದೆ ಮೌನಪ್ಪನವರು ಊರಿನ ಸಾವಿಗೂ ಹಬ್ಬಕ್ಕೂ ಹಲಗೆ ಬಾರಿಸುತ್ತಿದ್ದವರು; ಬುದ್ಧವಿಹಾರಕ್ಕೆ ಹೋಗತೊಡಗಿದ ಮೇಲೆ ಒಂದು ದಿನ ಹಲಗೆಯನ್ನು ಕೆಳಗಿಟ್ಟವರು ಮತ್ತೆ ಮುಟ್ಟಲಿಲ್ಲ. ಮಗ ಐಟಿಐ ಓದಲು ರಾಯಚೂರಿಗೆ ಬಂದಾಗ ತೀನ್ ಕಂದೀಲ್ ವೃತ್ತದ ಹತ್ತಿರ ಬುರ್ಹಾನುದ್ದೀನ್ ಅವರ ರೇಡಿಯೋ ದುರಸ್ತಿ ಅಂಗಡಿಯಿತ್ತು. ವರ್ಗವಾಗಿ ಹೋದ ರೈಲ್ವೆ ಗಾರ್ಡ್ ಒಬ್ಬರು ದುರಸ್ತಿಗೆ ಕೊಟ್ಟು ಮರಳಿ ಒಯ್ಯದ ಗಿಟಾರೊಂದು ಅಲ್ಲಿ ಗೋಡೆಗೆ ತೂಗುತ್ತಿತ್ತು. ಕ್ಲಾಸು ಮುಗಿದ ಮೇಲೆ ದಿನಾಲೂ ಬಂದು ಅದನ್ನೇ ನೋಡುತ್ತ ನಿಲ್ಲುತ್ತಿದ್ದ ಹುಡುಗನಿಗೆ ಬುರ್ಹಾನುದ್ದೀನ್ ಅವರು ಒಂದು ಸಂಜೆ ಅದನ್ನು ಇಳಿಸಿ ಕೊಟ್ಟರಂತೆ.

"ನೋಡಿದ್ರ ಹಾಡು ಬರ್ತದೇನಪಾ? ತಗೊಂಡ್ ಹೋಗು. ಒಂದು ಹಾಡು ಬಂದ ಮ್ಯಾಲೆ ಬಂದು ನನಗ ಕೇಳಿಸು."

ಆರು ತಿಂಗಳ ನಂತರ ಸಂಜೀವ ಅವರು ಹೋಗಿ ಕೇಳಿಸಿದರು. ಅದನ್ನು ಕೇಳಿದ ಬುರ್ಹಾನುದ್ದೀನ್ ಹಳೆಯ ರೇಡಿಯೋಗಳ ಭಾಗಗಳನ್ನು ಕೂಡಿಸಿ ಒಂದು ಆಂಪ್ಲಿಫೈಯರ್ ಮಾಡಿಕೊಟ್ಟರು. ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಜಿಲಾನಿ ಪಾಷಾ ಡ್ರಮ್ಮಿಗೆ ಕೂತರು. ಸಂಜೀವ ಅವರಿಗೆ ಶಕ್ತಿನಗರದಲ್ಲಿ ನೌಕರಿ ಸಿಕ್ಕ ಎರಡನೆಯ ವರ್ಷ 'ಎಡೆದೊರೆ' ಎಂಬ ಹೆಸರಿನ ಆ ತಂಡ ಹೀಗೆ ಹುಟ್ಟಿತು.

ನಾನು ಅವರನ್ನು ಮೊದಲು ಕಂಡದ್ದು ೧೯೯೦ರಲ್ಲಿ, ನಮ್ಮ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ. ಬಸ್ಸಿನ ಮೇಲಿಂದ ಡ್ರಮ್ಮುಗಳನ್ನು ತಾವೇ ಇಳಿಸಿಕೊಂಡು ಬಂದ ಅವರನ್ನು ಯಾರೋ ಶಾಮಿಯಾನದವರೆಂದೇ ತಿಳಿದಿದ್ದರು. ಮೊದಲ ಹಾಡಿಗೇ ಮುಂದಿನ ಸಾಲಿನ ಹಿರಿಯರು ಎದ್ದು ಹೋದರು. ಹಿಂದಿನ ಸಾಲಿನಲ್ಲಿದ್ದ ನಾವು ಆ ಕುರ್ಚಿಗಳಿಗೆ ಬಂದು ಕೂತೆವು. ಆ ದಿನ ಅವರು ತಾಯಿಯನ್ನು ಕುರಿತು ಕಟ್ಟಿದ 'ಹತ್ತಿಯ ಹಾಡ'ನ್ನು ಹಾಡಿದರು. ಗಂಟಲು ಹರಿಯುವಂತೆ ಹಾಡಿದರು. ಕನ್ನಡದಲ್ಲಿ ಇಷ್ಟು ಸಿಟ್ಟಿನಿಂದ, ಇಷ್ಟು ಪ್ರೀತಿಯಿಂದ ಒಟ್ಟಿಗೇ ಹಾಡಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆದರೆ ಒಂದು ಸಾಲು ಮನಸ್ಸಿಗೆ ಮುಳ್ಳಿನಂತೆ ಚುಚ್ಚಿತು. 'ಅವ್ವನ ಬೆವರು ಮುತ್ತು' ಎಂದು ಅವರು ಹಾಡಿದ್ದರು. ನಮ್ಮ ತಂದೆಯವರದು ಅಕ್ಕಿ ಗಿರಣಿ. ಅಲ್ಲಿ ಹೊಟ್ಟು ಹೊರುವ ಹೆಣ್ಣುಮಕ್ಕಳ ಕುಪ್ಪಸದ ಬೆನ್ನ ಮೇಲೆ ಬೆವರು ಒಣಗಿ ಬೆಳ್ಳಗೆ ಗೆರೆ ಬಿದ್ದಿರುವುದನ್ನು ನಾನು ದಿನಾಲೂ ಕಾಣುತ್ತಿದ್ದೆ. ಬೆವರು ಉಪ್ಪು, ಅದನ್ನು ಮುತ್ತೆಂದು ಹೊಗಳುವವರು ಬೆವರು ಹರಿಸದವರು, ನೀವೂ ಹಾಗೆ ಬರೆಯುವುದೇ ಎಂದು ಅಧಿಕಪ್ರಸಂಗದ ಕಾಗದವೊಂದನ್ನು ಬರೆದೆ. ವಾರದಲ್ಲಿ ಒಂದು ಕಾರ್ಡಿನಲ್ಲಿ ಉತ್ತರ ಬಂತು. "ಸುನಂದಾ ಅವರಿಗೆ ನಮಸ್ಕಾರ. ನೀವು ಬರೆದದ್ದು ಖರೆ. ನಮ್ಮವ್ವನ ಬೆವರು ಉಪ್ಪೇ. ಮುತ್ತು ಅನ್ನುವುದನ್ನು ನಾನು ಪುಸ್ತಕ ನೋಡಿ ಬರೆದಿದ್ದೆ. ತಿದ್ದಿದ್ದೇನೆ." ಮುಂದಿನ ತಿಂಗಳು ರಾಯಚೂರಿನ ಕಾರ್ಯಕ್ರಮದಲ್ಲಿ ಅವರು 'ಉಪ್ಪು' ಎಂದೇ ಹಾಡಿದರು, ಹಾಡುವ ಮೊದಲು, ಈ ಮಾತು ಮಾನ್ವಿಯ ಕೇಳುಗರೊಬ್ಬರು ಕೊಟ್ಟದ್ದೆಂದು ಹೇಳಿದರು. ಬಿ.ಎ. ಮೊದಲ ವರ್ಷದ ಹುಡುಗಿಯೊಬ್ಬಳ ಮಾತಿಗೆ ಅಷ್ಟು ಬೆಲೆ ಕೊಟ್ಟವರು ಆಗ ಬೇರೆ ಯಾರೂ ಇರಲಿಲ್ಲ. ನಾನು ಕನ್ನಡ ಎಂ.ಎ. ಮಾಡಿದ್ದಕ್ಕೆ ಆ ಕಾರ್ಡೂ ಒಂದು ಕಾರಣ.

ಅವರ ಸ್ವಾಭಿಮಾನದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ತಂಡದ ಹೆಸರು ಹಬ್ಬಿದ ಮೇಲೆ ದೊಡ್ಡ ಉತ್ಸವವೊಂದರ ಸಂಘಟಕರು ಅವರನ್ನು ಕರೆದರು. ಆದರೆ ವೇದಿಕೆಗೆ ಹಲಗೆ ಹಿಡಿದೇ ಬರಬೇಕು, ಅದು ನಿಮ್ಮವರ ಕಲೆಯಲ್ಲವೇ ಎಂದರು. ಸಂಜೀವ ಅವರು ದನಿ ಏರಿಸದೆ ಉತ್ತರಿಸಿದರೆಂದು ಪಕ್ಕದಲ್ಲೇ ಇದ್ದ ಜಿಲಾನಿ ಪಾಷಾ ಹೇಳುತ್ತಾರೆ.

"ಹಲಗಿ ಬಾರ್ಸೋರ ಮ್ಯಾಲೆ ನನಗ ಗೌರವ ಅದರೀ. ನಮ್ಮಪ್ಪ ಅದನ್ನ ಬಿಟ್ಟದ್ದು ತನ್ನ ಮನಸ್ಸಿಲೆ. ನಾ ಗಿಟಾರ್ ಹಿಡಿದದ್ದೂ ನನ್ನ ಮನಸ್ಸಿಲೆ. ಏನು ಬಾರ್ಸಬೇಕು ಅಂತ ನಮ್ಮ ಮನ್ಯಾಗ ಈಗ ಬ್ಯಾರೇದೋರು ಹೇಳಂಗಿಲ್ಲ."

ಆ ಉತ್ಸವಕ್ಕೆ ಅವರು ಹೋಗಲಿಲ್ಲ. ಅದು ನಡೆದ ಸಂಜೆಯೇ ದೇವಸುಗೂರಿನ ಹೊಳೆದಂಡೆಯಲ್ಲಿ, ಕರೆದ ಅಲ್ಲಿನ ಜನರಿಗಾಗಿ, ಗಿಟಾರು ಬಾರಿಸಿದರು.

೨೦೧೨ರಲ್ಲಿ ಅವರ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಕಾಣಿಸಿತು. ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಜೀವ ಉಳಿಯಿತು; ಹಾಡುವ ದನಿ ಹೋಯಿತು. ಮೂರು ತಿಂಗಳು ಅವರು ಯಾರನ್ನೂ ಭೇಟಿಯಾಗಲಿಲ್ಲ. ಆಮೇಲೆ ಡ್ಯೂಟಿಗೆ ಮರಳಿದರು, ಭಾನುವಾರಗಳಂದು ಕ್ವಾರ್ಟರ್ಸಿನಲ್ಲಿ ಮಕ್ಕಳಿಗೆ ಗಿಟಾರು ಕಲಿಸತೊಡಗಿದರು. ಅಲ್ಲಿಗೆ ಕಲಿಯಲು ಬರುತ್ತಿದ್ದ, ಗುತ್ತಿಗೆ ಕಾರ್ಮಿಕರೊಬ್ಬರ ಮಗಳು ದುರ್ಗಾ, ಅವರ ಹಾಡುಗಳನ್ನು ಇನ್ನು ಮುಂದೆ ವೇದಿಕೆಯ ಮೇಲೆ ಹಾಡುತ್ತಾಳೆಂಬ ಸುದ್ದಿ ಒಂದೂವರೆ ವರ್ಷದ ನಂತರ ನನಗೆ ಬಂತು.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ನನಗೆ ಸಿಟ್ಟು ಬಂತು. ನಿಮ್ಮ ದನಿಯಿಲ್ಲದೆ ಆ ಹಾಡುಗಳಿಲ್ಲ, ಅವು ನಿಮ್ಮೊಂದಿಗೇ ಸುಮ್ಮನಾಗಲಿ, ಇಪ್ಪತ್ತರ ಹುಡುಗಿಯ ಬಾಯಲ್ಲಿ ಅವನ್ನು ಕೇಳಲು ನನ್ನಿಂದಾಗದು ಎಂದು ಬರೆದೆ. ಈ ಸಲ ಕಾರ್ಡು ಬರಲಿಲ್ಲ, ಫೋನು ಬಂತು. ಪಿಸುಮಾತಿಗಿಂತ ತುಸುವೇ ಮೇಲಿದ್ದ ಆ ದನಿಯನ್ನು ನಾನು ಮೊದಲು ಗುರುತಿಸಲಿಲ್ಲ.

"ಅಕ್ಕೋರೆ, ನಿಮ್ಮ ಕಾಗದ ಎರಡು ಸಲ ಓದಿದೆ. ಮೂವತ್ತು ಹಾಡು ಅದಾವರೀ. ಅವನ್ನೆಲ್ಲಾ ನನ್ನ ಜೋಡಿ ಮಣ್ಣು ಮಾಡಬೇಕೇನು?"

ಅವರೇ ಮುಂದುವರಿಸಿದರು.

"ಬುದ್ಧಪೂರ್ಣಿಮಿಗೆ ದೇವದುರ್ಗಕ್ಕ ಬರ್ರಿ. ಕೇಳ್ರಿ. ಆಮ್ಯಾಲೆ ಬೇಕಾದ್ರ ಬೈರಿ."

ಹೋದೆ. ವೇದಿಕೆಯ ನಡುವೆ ದುರ್ಗಾ ನಿಂತಿದ್ದಳು. ಸದಾ ನಡುವೆ ನಿಲ್ಲುತ್ತಿದ್ದ ಸಂಜೀವ ಅವರು ಎಡಬದಿಗೆ ಸರಿದು ಗಿಟಾರು ಹಿಡಿದಿದ್ದರು. ಮುಂದಿನ ಕುರ್ಚಿಯಲ್ಲಿ ಎಂಬತ್ತು ದಾಟಿದ ವೆಂಕಮ್ಮ ಕೂತಿದ್ದರು. ಮಗನ ಎಲ್ಲ ಕಾರ್ಯಕ್ರಮಗಳಿಗೂ ಆ ತಾಯಿ ಬರುತ್ತಿದ್ದರು, ಎಲ್ಲದರಲ್ಲೂ ಸೆರಗಿನಿಂದ ಕಿವಿ ಮುಚ್ಚಿಕೊಂಡೇ ಕೂಡುತ್ತಿದ್ದರು. ಅಂದೂ ಮುಚ್ಚಿಕೊಂಡಿದ್ದರು. 'ಹತ್ತಿಯ ಹಾಡು' ಶುರುವಾದಾಗ ದುರ್ಗಾಳ ದನಿ ನಡುಗಿತು. ಜಿಲಾನಿ ಪಾಷಾ ಡ್ರಮ್ಮಿನ ಸದ್ದು ತಗ್ಗಿಸಿದರು. ಎರಡನೆಯ ನುಡಿಗೆ ಅವಳ ದನಿ ಗಟ್ಟಿಯಾಯಿತು. ಅವಳದು ಆರ್ಭಟವಲ್ಲ, ಒಂದೊಂದೇ ಮಾತನ್ನು ಬಿಡಿಸಿ ಮುಂದಿಡುವ ಹಾಡುಗಾರಿಕೆ. ವೆಂಕಮ್ಮ ಸೆರಗನ್ನು ಕಿವಿಯಿಂದ ತೆಗೆದದ್ದನ್ನು ನಾನು ಕಣ್ಣಾರೆ ಕಂಡೆ.

ಹಾಡು ಮುಗಿದಾಗ ಆ ತಾಯಿ ಎದ್ದು ವೇದಿಕೆಯ ಅಂಚಿಗೆ ಬಂದರು.

"ಏನಪಾ ಸಂಜೀವ, ಇದು ನನ್ನ ಮ್ಯಾಲಿನ ಹಾಡೇನು?"

"ಹೌದವ್ವಾ. ಇಪ್ಪತ್ತನಾಕು ವರ್ಷ ಆತು."

"ನೀ ಒದರಾಕತ್ತಿದ್ದಿ, ನನಗೇನು ತಿಳೀಬೇಕು? ಈಗ ತಿಳೀತು ನೋಡು." ಆಮೇಲೆ ದುರ್ಗಾಳ ಕಡೆ ತಿರುಗಿದರು. "ಯವ್ವಾ, ಇನ್ನೊಮ್ಮೆ ಹಾಡು."

ಮೈಕು ಆ ಮಾತನ್ನೆಲ್ಲ ಹಿಡಿದು ಬಯಲಿಗೆಲ್ಲ ಕೇಳಿಸಿತ್ತು. ಜನ ನಕ್ಕರು. ಸಂಜೀವ ಅವರು ಜನರಿಗೆ ಬೆನ್ನು ತಿರುಗಿಸಿ, ಸರಿಯಾಗಿಯೇ ಇದ್ದ ತಂತಿಯನ್ನು ಬಹಳ ಹೊತ್ತು ಬಿಗಿ ಮಾಡುತ್ತ ನಿಂತರು. ದುರ್ಗಾ ಮತ್ತೆ ಹಾಡಿದಳು. ನಾನು ಇಪ್ಪತ್ತನಾಲ್ಕು ವರ್ಷ ಸಂಜೀವ ಅವರ ದನಿಯನ್ನು ಪ್ರೀತಿಸುತ್ತ, ಯಾರಿಗಾಗಿ ಹಾಡು ಹುಟ್ಟಿತೋ ಅವರಿಗೇ ಅದು ಮುಟ್ಟಿಲ್ಲವೆಂಬುದನ್ನು ಯೋಚಿಸಿಯೇ ಇರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಸಂಜೀವ ಅವರ ಬಳಿ ಹೋಗಿ, ಕಾಗದದಲ್ಲಿ ತಪ್ಪು ಬರೆದೆನೆಂದು ಹೇಳಿದೆ.

"ತಪ್ಪಲ್ಲರೀ," ಎಂದರು. "ಆ ಮೂರು ತಿಂಗಳು ನಾನೂ ಹಂಗ ಅಂದ್ಕೊಂಡಿದ್ದೆ."

ಇಂದು ಯರಗೇರಾದ ವಿಶ್ವವಿದ್ಯಾಲಯದಲ್ಲಿ ಹುಡುಗಿಯರದೇ ಒಂದು ರಾಕ್ ತಂಡವಿದೆ. ಮಾನ್ವಿಯಲ್ಲಿ ನನ್ನ ವಿದ್ಯಾರ್ಥಿಗಳ ತಂಡವಿದೆ. ದುರ್ಗಾ ಹಾಡಿದ ಎರಡು ಆಲ್ಬಮ್ಮುಗಳು ಮನೆಮನೆಯ ಮೊಬೈಲುಗಳಲ್ಲಿವೆ. ಇವರಾರೂ ಸಂಜೀವ ಅವರಂತೆ ಹಾಡುವುದಿಲ್ಲ, ಹಾಡಬೇಕೆಂದು ಅವರು ಯಾರನ್ನೂ ಒತ್ತಾಯಿಸಿಲ್ಲ. ಒಬ್ಬ ಕಲಾವಿದರ ಪರಂಪರೆಯೆಂದರೆ ಅವರ ನಕಲುಗಳ ಸಾಲಲ್ಲ, ಅವರಿಂದ ಧೈರ್ಯ ಪಡೆದವರ ಸಾಲು ಎಂದು ನಾನೀಗ ತರಗತಿಯಲ್ಲಿ ಹೇಳುವಾಗ ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ.

ಈ ಲೇಖನ ಬರೆಯುವ ಮೊದಲು, ನಿವೃತ್ತಿಯ ನಂತರ ಏನು ಮಾಡುತ್ತೀರೆಂದು ಅವರನ್ನು ಕೇಳಿದೆ.

"ಮೂವತ್ತೇಳು ವರ್ಷ ಡ್ಯೂಟಿ ಬಿಟ್ಟ ಹೊತ್ತು ನೋಡಿ ಹಾಡು ಕಟ್ಟಿದೆ," ಎಂದರು. "ಇನ್ನ ಹಾಡು ಬಿಟ್ಟ ಹೊತ್ತು ನೋಡಿ ನಿದ್ದಿ ಮಾಡ್ತೀನಿ."

ಹೊಸದಾಗಿ ಹನ್ನೊಂದು ಹಾಡುಗಳು ಅರ್ಧ ಆಗಿ ನಿಂತಿವೆಯಂತೆ. ಅರವತ್ತು ತುಂಬಿದ ಸಂಜೀವ ದೇವದುರ್ಗ ಅವರಿಗೆ ಆರೋಗ್ಯವಿರಲಿ, ಆಯುಷ್ಯ ನೂರಾಗಲಿ. ನಿದ್ದೆ ಮಾತ್ರ ಕಡಿಮೆಯಿರಲಿ ಎಂದು, ಕೇಳಲು ಕಾದಿರುವ ನಮ್ಮೆಲ್ಲರ ಪರವಾಗಿ ಹಾರೈಸುತ್ತೇನೆ.