ಗೊಂಬೆಯೂರಿಗೆ ಹೊರಡಿಸಿದ ಆಂಟಿ

ಪಕ್ಕದ ಮನೆ ಆಂಟಿಯ ಎಡಗೈ ಮಣಿಕಟ್ಟಿನಲ್ಲಿ ಬಳೆಯ ಜಾಗಕ್ಕೆ ಸದಾ ಏಳೆಂಟು ರಬ್ಬರ್ ಬ್ಯಾಂಡುಗಳಿರುತ್ತಿದ್ದವು. ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿ ತಂದ ಸಾರಿನ ಚೀಲಗಳಿಗೆ ಬಿಗಿದಿದ್ದವು; ಒಂದನ್ನೂ ಬಿಸಾಡುವವರಲ್ಲ. ಲಾಕ್‌ಡೌನಿನಲ್ಲಿ ನೀರುದೋಸೆಯ ಪೊಟ್ಟಣಕ್ಕೆ ಅದನ್ನೇ ಬಿಗಿದು ನಮ್ಮ ಬಾಗಿಲ ಹಿಡಿಗೆ ನೇತುಹಾಕಿ, ಬೆಲ್ ಒತ್ತಿ ಮಾಯವಾಗುತ್ತಿದ್ದರು.

ಮಂಗಳೂರಿನ ಕಡೆಯ ಕ್ರೈಸ್ತರು. ಗಂಡ ಇರಲಿಲ್ಲ, ಒಬ್ಬನೇ ಮಗ ಡಬ್ಲಿನ್‌ನಲ್ಲಿ. ಪರದೇಶದಲ್ಲಿ, ಮಾಂಟ್ ಕಿಯಾರಾ ಬಡಾವಣೆಯ ಆ ಕಟ್ಟಡದಲ್ಲಿ ಕನ್ನಡ ಮಾತಾಡಲು ನಮಗೆ ಅವರು, ಅವರಿಗೆ ನಾವು.

ಎರಡನೇ ಅಲೆಯಲ್ಲಿ ಮೈಸೂರಿನಲ್ಲಿ ಅಪ್ಪ ಹೋದರು. ವಿಮಾನವಿರಲಿಲ್ಲ. ಹಿರಿಯ ಮಗ ನಾನು; ಬೆಂಕಿ ಕೊಟ್ಟವನು ತಮ್ಮ. ಫೋನಿನಲ್ಲಿ ನೋಡಿದೆ, ಮಧ್ಯೆ ಎರಡು ಸಲ ಚಿತ್ರ ನಿಂತುಹೋಯಿತು. ಮಾರನೇ ದಿನ ಆಫೀಸಿನ ಮೀಟಿಂಗಿಗೆ ಕೂತೆ. ಅಳು ಬರಲಿಲ್ಲ. ನಾನೆಂಥ ಮಗ ಎಂಬ ನಾಚಿಕೆ ಮಾತ್ರ ಒಳಗೆ ಉಳಿಯಿತು.

ರಾಜ್ಯದಿಂದ ರಾಜ್ಯಕ್ಕೆ ಓಡಾಡಬಹುದು ಎಂದಾದಾಗ, ಆಟದ ಇಟ್ಟಿಗೆಗಳಲ್ಲಿ ಲೋಕದ ಕಟ್ಟಡಗಳನ್ನೆಲ್ಲ ಪುಟ್ಟದಾಗಿ ಕಟ್ಟಿಟ್ಟಿರುವ ಜೋಹೋರಿನ ಪಾರ್ಕಿಗೆ ನಮ್ಮನ್ನು ಹೊರಡಿಸಿದವರು ಆಂಟಿಯೇ. ಗೋಡೆ ನೋಡಿ ನೋಡಿ ನಿನ್ನ ಮಗಳೂ ಗೋಡೆಯಾಗಿದ್ದಾಳೆ ಎಂದು ನನ್ನನ್ನು ಗದರಿದರು. ಅಲ್ಲಿ ತಾಜಮಹಲಿನ ಮುಂದೆ ನಿಲ್ಲಿಸಿದ್ದ ಪುಟ್ಟ ಗೊಂಬೆಜನರತ್ತ ಬಗ್ಗಿ, ಈ ಗೊಂಬೆಗಳಿಗೆ ಮಾಸ್ಕೂ ಇಲ್ಲ, ದೂರ ನಿಲ್ಲುವುದೂ ಗೊತ್ತಿಲ್ಲ, ಪೊಲೀಸರಿಗೆ ಹೇಳು ಎಂದು ಮಗಳನ್ನು ನಗಿಸಿದರು. ಆಚೆಗೆ ಇಟ್ಟಿಗೆಯ ವಿಮಾನ ನಿಲ್ದಾಣವಿತ್ತು. ನಾನು ಅಲ್ಲೇ ಬಹಳ ಹೊತ್ತು ನಿಂತೆ. ಆಂಟಿ ಬಂದು ಪಕ್ಕದಲ್ಲಿ ನಿಂತಾಗ, ಅಪ್ಪನಿಗಾಗಿ ನಾನು ಅಳಲೇ ಇಲ್ಲ ಎಂದುಬಿಟ್ಟೆ. ಹೆಂಡತಿಗೂ ಅದನ್ನು ಹೇಳಿರಲಿಲ್ಲ.

"ಬರದಿದ್ರೆ ಬೇಡ ಮಾರಾಯ. ಅಳುವುದು ಏನು ಡ್ಯೂಟಿಯಾ?" ಎಂದರು. "ಮಗಳ ಕೈ ಹಿಡ್ಕೊ, ಮುಂದೆ ಮೆಟ್ಟಿಲು ಉಂಟು."

ಹಿಡಿದುಕೊಂಡೆ. ಅಷ್ಟು ತಿಂಗಳಲ್ಲಿ ನನಗೆ ಉಪಕಾರವಾದ ಮಾತು ಅದೊಂದೇ.

ಮುಂದಿನ ವರ್ಷದ ಶುರುವಿನಲ್ಲೇ ಆಂಟಿ ಹೃದಯಾಘಾತದಿಂದ ತೀರಿಕೊಂಡರು. ಮಗ ಬಂದಿಳಿದರೂ ಕ್ವಾರಂಟೈನ್ ಮುಗಿಯುವ ತನಕ ಹೊರಬರುವಂತಿರಲಿಲ್ಲ. ಅಮ್ಮನ ಪೆಟ್ಟಿಗೆಯ ಮೇಲೆ ತನ್ನ ಪರವಾಗಿ ಮಣ್ಣು ಹಾಕಬೇಕೆಂದು ನನ್ನನ್ನು ಕೇಳಿಕೊಂಡ. ನಮ್ಮ ಸ್ಮಶಾನವೆಂಬಂತೆ ಅಲ್ಲಿ ನಾನೊಬ್ಬನೇ ಚಪ್ಪಲಿ ಬಿಟ್ಟು ನಿಂತಿದ್ದೆ. ಪಾದ್ರಿಗಳು ನನ್ನ ಬರಿಗಾಲು ನೋಡಿ ಪ್ರಾರ್ಥನೆ ಮುಂದುವರಿಸಿದರು. ಮೂರು ಹಿಡಿ ಹಾಕಿದೆ. ಮಣ್ಣು ಒದ್ದೆಯಾಗಿತ್ತು. ಅಳು ಆಗಲೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ.

ಗೇಟಿನ ಬಳಿ ಬರುವಷ್ಟರಲ್ಲಿ ಆಂಟಿಯ ಮಗನ ಫೋನು ಬಂತು. ಎಲ್ಲ ಸರಿ ಆಯ್ತಾ ಎಂದು ಕೇಳಿದ. ಅಪ್ಪ ಹೋದ ದಿನ ನಾನು ತಮ್ಮನನ್ನು ಕೇಳಿದ್ದೂ ಅದನ್ನೇ.

"ಆಯ್ತು," ಎಂದೆ. "ನಾನೇ ಹಾಕಿದೆ."