ಅಕ್ಕ ಹುಡುಕಿದ ತಪ್ಪು

ಕ್ಯಾನ್ಸರಿನ ಔಷಧಿಯಿಂದ ಅಕ್ಕನ ಬೆರಳತುದಿಗಳು ಮರಗಟ್ಟಿದ್ದವು. ಲ್ಯಾಪ್‌ಟಾಪಿನ ಕೀಲಿ ಒತ್ತಿದ್ದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಒಂದೊಂದನ್ನೂ ನೋಡಿಕೊಂಡು, ಮೊಳೆ ಹೊಡೆದಂತೆ ಜೋರಾಗಿ ಒತ್ತುತ್ತಿದ್ದಳು. ಕಿಂಗ್ಸ್‌ಬರಿಯ ಫ್ಲ್ಯಾಟಿನ ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದ ನನಗೂ ಆ ಸದ್ದು ಕೇಳುತ್ತಿತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನ್ನನ್ನು ಊರಿನಿಂದ ಈ ಪರದೇಶಕ್ಕೆ ಕರೆಸಿ ಹೋಟೆಲಿನಲ್ಲಿ ಕೆಲಸಕ್ಕೆ ಹಚ್ಚಿದವಳು ಅಕ್ಕ. ಅವಳದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಮನೆಯ ಬಾಯ್ಲರ್ ಕೆಟ್ಟರೂ, "ಮೊದ್ಲ್ ನಮ್ಮ ತಪ್ಪ್ ಎಂತ ಕಾಂಬ, ಮತ್ತೆ ಯಂತ್ರದ್ದ್" ಅನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ತನ್ನ ಮಗಳಿಗೆಂದು ಕುಂದಾಪುರದ ಮನೆಮಾತುಗಳ ಪುಸ್ತಕ ಮಾಡಲು ಕೂತಳು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಕ್ಕ ಅದಕ್ಕೆಂದು ಶೆಲ್ ಸ್ಕ್ರಿಪ್ಟ್ ಎಂಬ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದಳು. ಫೈಲುಗಳಲ್ಲಿರುವ ಶಬ್ದಗಳನ್ನು ಅದು ತಾನೇ ಓದಿ ಅಕ್ಷರದ ಪ್ರಕಾರ ಜೋಡಿಸುತ್ತಿತ್ತು. ಮೊದಲು ಶಬ್ದ, ನಡುವೆ ನೆಟ್ಟಗೆ ನಿಂತ ಒಂದು ಗೀಟು, ಆಮೇಲೆ ಅರ್ಥ. ಹಾಗೆ ಬರೆಯುವುದನ್ನು ನನಗೂ ಕಲಿಸಿದಳು.

ನಾನು ಒಂದು ಫೈಲು ತುಂಬಿಸಿದೆ. ಅಪ್ಪನ ಅಂಗಡಿಯಲ್ಲಿ ಬಂದ ಅಭ್ಯಾಸ, ಶ್ರೀ ಹಾಕದೆ ನಾನು ಏನನ್ನೂ ಬರೆಯುವವನಲ್ಲ. ಅದೇ ಗೀಟುಗಳನ್ನು ಎರಡೂ ಬದಿಗೆ ಜೋಡಿಯಾಗಿ ಇಟ್ಟು, ಮೊದಲ ಸಾಲಿಗೆ ಶ್ರೀ ಹಾಕಿದೆ.

ಅಂದಿನಿಂದ ಸ್ಕ್ರಿಪ್ಟ್ ಅರ್ಧಕ್ಕೇ ನಿಲ್ಲತೊಡಗಿತು.

"ನೀ ಶಬ್ದ ಬಿಟ್ ಬೇರೆ ಎಂತಾರೂ ಬರದ್ಯಾ?"

"ಇಲ್ಲೆ ಅಕ್ಕ. ನೀ ತೋರ್ಸಿದ್ ಹಾಂಗೇ."

ಹೇಳುವಾಗಲೇ ಶ್ರೀ ನೆನಪಿಗೆ ಬಂದಿತ್ತು; ಅದರ ಗೀಟುಗಳಿಗೇ ಸ್ಕ್ರಿಪ್ಟ್ ಎಡವುತ್ತಿರಬೇಕು ಅನ್ನಿಸಿತ್ತು. ಸ್ವಲ್ಪ ದಿನದ ಹಿಂದೆ ನನ್ನ ತರಕಾರಿ ಚೀಟಿಯ ಮೇಲೆ ಅದನ್ನು ಕಂಡು, "ಬದನೆಕಾಯಿಗೂ ಪೂಜೆಯಾ ಮಾರಾಯ?" ಎಂದು ಮಗಳೆದುರು ನಕ್ಕಿದ್ದಳು. ಇನ್ನೊಮ್ಮೆ ನಗಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ನನ್ನ ಮಾತು ನಂಬಿ ಅವಳು ಆ ಫೈಲನ್ನು ತೆರೆಯಲೇ ಇಲ್ಲ. ತಾನು ಬರೆದದ್ದನ್ನೇ ತಿದ್ದಿದಳು. ಓಡಿಸಿದಳು. ನಿಂತಿತು. ಮತ್ತೆ ತಿದ್ದಿದಳು. ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಮುಚ್ಚಿ, "ಮದ್ದ್ ನನ್ ಮಂಡೆ ತಿಂದಿತ್ ಮಾರಾಯ. ಇಷ್ಟ್ ಸಣ್ಣದೂ ಕಾಣ್ತಿಲ್ಲೆ" ಎಂದಳು. ನಾನು ಗಂಜಿ ಮುಂದಿಟ್ಟೆ. ನಾಳೆ ಹೇಳೋಣ ಅಂದುಕೊಂಡೆ.

ಮರುದಿನ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಮಗಳನ್ನು ಹತ್ತಿರ ಕರೆದು, "ಆ ಪುಸ್ತಕದ್ದೆಲ್ಲ ಅಳ್ಸಿಬಿಡು ಮಗಾ. ತಲೆ ಸರಿ ಇಲ್ದೇ ಮಾಡಿದ್ದ್. ನೀ ತಪ್ಪ್ ಕಲಿಬೇಡ" ಎಂದಳು.

"ಓಕೆ, ಅಮ್ಮಾ."

ನಾನು ಅಕ್ಕನ ಕಾಲೊತ್ತುತ್ತಾ ಅಲ್ಲೇ ಕೂತಿದ್ದೆ. ಮಗಳು ಮನೆಗೆ ಹೋಗಿ ಅಮ್ಮ ಹೇಳಿದಂತೆಯೇ ಮಾಡಿದಳು. ಆ ವಾರವೇ ಅಕ್ಕ ಹೋದಳು.

ಮೊನ್ನೆ ಅವಳ ಮಗಳ ಮುಂದೆ ಕೂತು ಎಲ್ಲ ಹೇಳಿದೆ. ನಿನ್ನ ಅಮ್ಮನ ಬುದ್ಧಿ ಕೊನೆಯವರೆಗೂ ಸರಿಯಿತ್ತು, ಪುಸ್ತಕ ಕೆಡಿಸಿದವನು ನಾನು ಎಂದೆ.

"ಯು ಶುಡ್ ಹ್ಯಾವ್ ಟೋಲ್ಡ್ ಹರ್, ಮಾಮಾ," ಅಂದಳು. ಕೂಗಲಿಲ್ಲ. ನನ್ನೆದುರಿನ ಚಹಾ ಲೋಟ ಎತ್ತಿಕೊಂಡು ತೊಳೆಯಲು ಹೋದಳು. ನಾನಿನ್ನೂ ಅದನ್ನು ಕುಡಿದಿರಲಿಲ್ಲ.